ಮೀನಿನ ಕಿವಿಯೂ ಅತ್ತೆಯ ತವರೂ

ನಮ್ಮ ಕಡೆ ಮನುಷ್ಯ ಬಾಯಿ ತೆರೆದರೆ ಸಾಕು, ಆತ ಭೀಮೆಯ ಕಡೆಯ ಇಂಡಿ ಊರಿನವನೋ ಕೃಷ್ಣೆಯ ಕಡೆಯ ಮುದ್ದೇಬಿಹಾಳದವನೋ ಎಂದು ಎದುರಿಗಿದ್ದವರು ಹೇಳಿಬಿಡುತ್ತಾರೆ. ಮೀನಾದರೋ ದಿನವಿಡೀ ಬಾಯಿ ತೆರೆದು ಮುಚ್ಚಿದರೂ ಊರಿನ ಸುಳಿವು ಬಿಟ್ಟುಕೊಡದು; ಅದಕ್ಕೆ ಕಿವಿಯನ್ನೇ ಹಿಡಿಯಬೇಕು. ಮೀನಿನ ತಲೆಯೊಳಗೆ, ಕಿವಿಯ ಜಾಗದಲ್ಲಿ, ಅಕ್ಕಿನುಚ್ಚಿನಂಥ ಬಿಳಿಯ ಕಲ್ಲಿರುತ್ತದೆ. ಬೆಳೆದ ನೀರು ಬೇರೆಯಾದರೆ ಅದರ ಅಂಚಿನ ಆಕಾರವೂ ತುಸು ಬೇರೆಯಾಗುವುದುಂಟು. ಭೀಮೆಯಲ್ಲೂ ಕೃಷ್ಣೆಯಲ್ಲೂ ಸಿಗುವ ಒಂದೇ ಜಾತಿಯ ಮೀನು ಒಂದೇ ಬಳಗದ್ದೋ, ಎರಡು ಬಳಗಗಳದ್ದೋ ಎಂದು ಈ ಕಲ್ಲುಗಳಿಂದ ತಿಳಿಯಲು ಹೊರಟವಳು, ಹುಟ್ಟಾ ಸಸ್ಯಾಹಾರಿಯಾದ ನಾನು.

ಆಲಮಟ್ಟಿಯ ಹಿನ್ನೀರು ಹೊಸದಾಗಿ ಹರಡಿಕೊಂಡಿದ್ದ ಕಾಲ. ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಮನೆಯಲ್ಲಿ ಅತ್ತೆ: ಇಂಡಿಯ ಕಡೆಯವರು, ಲಿಂಗಪೂಜಾನಿಷ್ಠರು, ಕಿವಿ ಮಂದ.

“ಮೀನಕ್ಕ ಕಿವಿ ಅದಾವೇನ?”

“ಅದಾವ್ರಿ ಅತ್ತಿ, ಒಳಗ.”

“ನೀರಾಗ ಬಿದ್ದಿರೂ ಮೀನಕ್ಕ ಕೇಳಸ್ತೈತಿ, ನನಗ ಕೇಳಸೂದಿಲ್ಲ. ಶಿವನ ನ್ಯಾಯ ನೋಡ!”

ಒಂದು ಮೀನಿನ ತಲೆ ಹೊಸ್ತಿಲು ದಾಟಿದರೂ ತವರಿಗೆ ಹೊರಟುಬಿಡುವುದಾಗಿ ಅವರು ಸಾರಿದರು. ಅವರು ಹೋದರೆ ಅಡುಗೆ ನನ್ನ ಪಾಲಿಗೆ ಬರುತ್ತಿತ್ತು. ನನ್ನ ಅಡುಗೆ ಉಂಡವರೆಲ್ಲ ಆಗಲೇ ಅತ್ತೆಯ ಪಕ್ಷ ಸೇರಿದ್ದರು.

ಹೀಗಿರಲು ಮುದ್ದೇಬಿಹಾಳದ ಮದುವೆಯೊಂದಕ್ಕೆ ಅತ್ತೆಯೊಂದಿಗೆ ಹೋದವಳು, ಬರುವಾಗ ಮೆಲ್ಲನೆ ಮೀನಿನ ತಲೆಗಳ ಡಬ್ಬಿಯೊಂದನ್ನು ಚೀಲಕ್ಕೆ ಸೇರಿಸಿದೆ. ನೇರ ಕಾಲೇಜಿಗೆ ಒಯ್ಯುವ ಆಲೋಚನೆ. ಬಿಸಿಲಿಗೆ ಡಬ್ಬಿಯೊಳಗಿನ ಬರ್ಫ ಕರಗಿತು. ಬಸ್ಸಿನ ತುಂಬ ಮೂಗುಗಳು ಎಚ್ಚರಗೊಂಡವು. ಕಂಡಕ್ಟರು ವಾಸನೆಯ ಜಾಡು ಹಿಡಿದು ಬಂದು ಡಬ್ಬಿ ತೆರೆಸಿದರೆ, ಅಷ್ಟೂ ತಲೆಗಳು ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದವು.

“ಇಳಸ್ರಿ ಈಕೀನ್ನ!” ಎಂದು ಮುಂದಿನ ಸೀಟಿನ ರುಮಾಲಿನವರು ಗುಡುಗಿದರು.

ನಾನು ಡಬ್ಬಿಯ ಮುಚ್ಚಳ ಹುಡುಕತೊಡಗಿದೆ. ಎದ್ದು ನಿಂತವರು ಅತ್ತೆ.

“ಯಾಕ ಇಳಿತಾಳ? ನಮ್ಮ ಸೊಸಿ ಕಿವಿ ಡಾಕ್ಟರ್ ಅದಾಳ! ಕಿವಿ ನೋಡಿ ಮೀನಿನ ಊರ ಹೇಳ್ತಾಳ. ನಿನ್ನ ಕಿವಿ ನೋಡಿದ್ರ ಏನೇನ ಹೇಳ್ತಾಳೋ!”

ರುಮಾಲಿನವರು ರುಮಾಲನ್ನು ಕಿವಿಯ ಮೇಲಕ್ಕೆ ಎಳೆದುಕೊಂಡರು. ಹಿಂದಿನಿಂದ ಅಜ್ಜಿಯೊಬ್ಬಳು ಬಾಗಿ, “ಯವ್ವಾ, ನನ್ನ ಎಡಗಿವಿ ಸೋರತೈತಿ, ಒಂಚೂರು ನೋಡವಾ” ಎಂದಳು. ನಾನು ಮನುಷ್ಯರ ಡಾಕ್ಟರಲ್ಲವೆಂದು ಎಷ್ಟು ಹೇಳಿದರೂ ಕೇಳುವವರಿಲ್ಲ; ಬಾಗೇವಾಡಿ ಮುಟ್ಟುವಷ್ಟರಲ್ಲಿ ಅರ್ಧ ಬಸ್ಸಿನ ಕಿವಿಗಳು ನನ್ನ ಮುಂದೆ ಹಾಯ್ದುಹೋಗಿದ್ದವು. ಎಲ್ಲರಿಗೂ ದವಾಖಾನೆಗೆ ಹೋಗಿರೆಂದೇ ಹೇಳಿದೆ.

ಇಳಿದ ಮೇಲೆ ಅತ್ತೆ ಮನೆಯತ್ತ ತಿರುಗಲಿಲ್ಲ. “ಇಷ್ಟ ಮಂದಿ ಕೂಡ ಜಗಳಾ ಮಾಡೇನಿ. ಅದರಾಗ ಏನೈತಿ, ತೋರಸು.”

ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗೆ ಎರಡು ಕಲ್ಲುಗಳನ್ನಿಟ್ಟೆ, ಒಂದು ಮೊದಲೇ ತೆಗೆದಿಟ್ಟಿದ್ದ ಭೀಮೆಯದು, ಒಂದು ಈಗ ಡಬ್ಬಿಯ ತಲೆಯಿಂದ ತೆಗೆದ ಕೃಷ್ಣೆಯದು. ಅತ್ತೆ ಸೆರಗು ಸರಿಪಡಿಸಿಕೊಂಡು ಬಗ್ಗಿದರು. ಬಹಳ ಹೊತ್ತು ಏಳಲೇ ಇಲ್ಲ.

“ಈ ಬಲಗಡೀದು ನೋಡ ಸುಮಾ, ರಂಗೋಲಿ ಎಳಿ ಎಳದಂಗ ಎಷ್ಟ ನಾಜೂಕ ಐತಿ! ಇದ ನಮ್ಮ ಇಂಡಿ ಕಡೀದು, ಹೌದಲ್ಲ?”

ಅದು ಅಪ್ಪಟ ಮುದ್ದೇಬಿಹಾಳದ ಮೀನಿನದು. ತಪ್ಪು ಗುರುತನ್ನು ಸಂಶೋಧಕಿ ಸಹಿಸಬಾರದು. ಆದರೆ ಮೀನನ್ನು ಮುಟ್ಟದ ಆ ಹಿರಿಯ ಜೀವ, ಉಸಿರು ಬಿಗಿಹಿಡಿದು ಅದರ ಕಿವಿಯಲ್ಲಿ ತನ್ನ ತವರನ್ನು ನೋಡುತ್ತಿತ್ತು.

“ಹೌದ್ರಿ ಅತ್ತಿ,” ಎಂದೆ, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ.