ಹಲಸಿನ ಅಂಟು ಕೂತ ಹಸಿರು ಸೀರೆ

ಚಂದಾಪುರದಲ್ಲಿ ನಮ್ಮ ಹೊಲವೆಲ್ಲ ಸೈಟುಗಳಾದ ಮೇಲೆ ಉಳಿದದ್ದು ನಾಲ್ಕು ಬಾಡಿಗೆ ರೂಮು, ಹಿತ್ತಲಿನಲ್ಲಿ ಒಂದು ಹಲಸಿನ ಮರ. ಕೊನೆಯ ರೂಮಿನಲ್ಲಿ ಬಾಗಲಕೋಟೆ ಕಡೆಯ ಗಂಡಹೆಂಡತಿ ಇದ್ದರು. ಅವನು ಫ್ಯಾಕ್ಟರಿಗೆ ಹೋಗುತ್ತಿದ್ದ. ಅವಳಿಗೆ ಏಳು ತಿಂಗಳು. ಕುಬಸಕ್ಕೆ, ಅಂದರೆ ಅವರ ಕಡೆಯ ಸೀಮಂತಕ್ಕೆ, ಉಡಲೆಂದು ತಾಯಿ ಹಸಿರು ನೂಲಿನ ಸೀರೆ ಕಳಿಸಿದ್ದಳು. ಇನ್ನೊಬ್ಬರ ಮಗ್ಗದಲ್ಲಿ ಕೂಲಿಗೆ ನೇಯುವ ಹೆಂಗಸು, ಇದೊಂದನ್ನು ಮಗಳಿಗೆಂದು ನೇಯ್ದಿದ್ದಳು.

ರೂಮಿನಲ್ಲಿ ಮುಖ ಕಾಣುವಷ್ಟೇ ಕನ್ನಡಿ. ಒಂದು ಶುಕ್ರವಾರ ಮಧ್ಯಾಹ್ನ ಆ ಸೀರೆ ಉಟ್ಟು, ನಮ್ಮ ಬೀರುವಿನ ಕನ್ನಡಿಯಲ್ಲಿ ನೋಡಿಕೊಳ್ಳಲು ಬಂದಳು. ನಾನು ಹಲಸಿನ ಹಣ್ಣು ಹೆಚ್ಚುತ್ತಿದ್ದೆ. ಬಸುರಿ ಬಾಯಲ್ಲಿ ಕೇಳದಿದ್ದರೂ ಕಣ್ಣು ಕೇಳುತ್ತದೆ. ಕಾಲು ಹಣ್ಣು ಕೊಯ್ದು ಕೊಟ್ಟು ಕಳಿಸಿದೆ. ಕೈಗೆ ಎಣ್ಣೆ ಸವರಿಕೊಂಡು ಬಿಡಿಸು ಅಂತ ಹೇಳಲಿಲ್ಲ. ನಮ್ಮಲ್ಲಿ ಅದನ್ನು ಯಾರಿಗೂ ಹೇಳಬೇಕಾಗಿಲ್ಲ. ಜೋಳದ ಸೀಮೆಯವಳಿಗೆ ಹೇಗೆ ಗೊತ್ತಿರಬೇಕು?

ಸಂಜೆ ಒದ್ದೆ ಸೀರೆ ಹಿಡಿದು ಬಾಗಿಲಲ್ಲಿ ನಿಂತಳು. ನೆರಿಗೆಯ ಜಾಗದಲ್ಲಿ ಅಂಗೈಯಗಲ ಕಪ್ಪು ಅಂಟು.

"ಅಜ್ಜಿ, ಕೈ ಒರಸ್ಕೊಂಡೆ ನೋಡ್ರಿ, ಹತ್ಕೊಂಡ ಬಿಡ್ತು. ಬಿಸಿನೀರಾಗ ತಿಕ್ಕಿದ್ರೂ ಹೋಗವಲ್ದು. ನಾಡಿದ್ದ ಅವ್ವ ಬರ್ತಾಳ."

"ಬಿಸ್ನೀರ್ ಯಾಕಮ್ಮಿ ಹಾಕ್ದೆ? ಅಂಟು ಕರಗಿ ನೂಲೊಳಕ್ಕೆ ಇಳ್ದೈತೆ. ನನ್ನ ಕೇಳಕ್ಕೆ ನಾಲ್ಗೆ ಬಿದ್ದೋಗಿತ್ತಾ?"

"ನೀವು ಬೈತೀರಿ ಅಂತ..."

"ಈಗ ಬೈತಿಲ್ವಾ?"

ಅಳುತ್ತಿದ್ದವಳು ನಕ್ಕಳು.

ಸೀಮೆಎಣ್ಣೆಗೆ ಬೇಗ ಬಿಡುತ್ತಿತ್ತು. ಆದರೆ ಆ ವಾಸನೆಗೇ ಅವಳಿಗೆ ವಾಂತಿ. ಕೊಬ್ಬರಿ ಎಣ್ಣೆ ಸುರಿದು ನೆನೆಯಲು ಬಿಟ್ಟೆ. ಆಮೇಲೆ ಚಮಚದ ಅಂಚಿನಿಂದ ಮೆಲ್ಲಗೆ ಎಳೆದೆ. ಅಂಟು ಸುರುಳಿ ಸುರುಳಿಯಾಗಿ ಎದ್ದು ಬಂತು. ಮತ್ತೆ ಎಣ್ಣೆ, ಮತ್ತೆ ಚಮಚ. ಉಗುರು ಹಾಕಲಿಲ್ಲ, ಹಾಕಿದರೆ ಎಳೆ ಕಿತ್ತುಬರುತ್ತದೆ. ಅವಳು ಪಕ್ಕದಲ್ಲೇ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ಹೋಗಿ ಮೈ ಚಾಚಿಕೋ ಅಂದರೂ ಏಳಲಿಲ್ಲ. ಕೊನೆಗೆ ಸೀಗೆಪುಡಿ ತಿಕ್ಕಿ ತಣ್ಣೀರಿನಲ್ಲಿ ಜಾಲಿಸಿ ಒಣಗಿಹಾಕಿದೆ. ಅಂಟು ಹೋಯಿತು. ಎಣ್ಣೆಯ ವಾಸನೆ ಹೋಗಲಿಲ್ಲ.

ಭಾನುವಾರ ತಾಯಿ ಬಂದಳು. ಮಗಳಿಗೆ ಸೀರೆ ಉಡಿಸುತ್ತಾ ನೆರಿಗೆ ಹಿಡಿದ ಕೈ ಅಲ್ಲೇ ನಿಂತಿತು.

"ಇಲ್ಲ್ಯಾಕ ಎಣ್ಣಿ ವಾಸನಿ ಬರ್ತೈತಿ?"

ಮಗಳು ತಲೆ ತಗ್ಗಿಸಿದಳು.

"ತಪ್ಪು ನಂದು ಕಣಮ್ಮ," ಅಂದೆ. "ಕೈಗೆ ಎಣ್ಣೆ ಕೊಡ್ದೆ ಹಲಸಿನ ಹಣ್ಣು ಕೊಟ್ಟೆ. ಅಂಟು ಸೀರೆಗೆ ಆಯ್ತು."

ತಾಯಿ ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಆ ಜಾಗವನ್ನು ಸವರಿದಳು. ಹಿಂದುಮುಂದು ತಿರುಗಿಸಿ ಇನ್ನೊಮ್ಮೆ ಸವರಿದಳು.

"ಒಂದ ಎಳಿ ಸೈತ ಎದ್ದಿಲ್ಲ," ಅಂದಳು. ನೆರಿಗೆ ಸಿಕ್ಕಿಸಿ, ಮಗಳ ಹೊಟ್ಟೆಯ ಮೇಲೆ ಒಂದು ಗಳಿಗೆ ಕೈ ಇಟ್ಟು, ನನ್ನ ಕಡೆ ತಿರುಗಿದಳು. "ಅದೆಂಥಾ ಹಣ್ಣರಿ ಅಜ್ಜಿ? ನನಗೂ ಒಂದೀಟ ತೋರಸ್ರಿ."

ಮನೆಯಲ್ಲಿ ಇನ್ನೊಂದು ಹಣ್ಣಾಗಿತ್ತು. ಮೊದಲು ಅವಳ ಅಂಗೈಗೆ ಎಣ್ಣೆ ಸುರಿದೆ. ತೊಳೆ ಆಮೇಲೆ ಕೊಟ್ಟೆ.