ಸಣ್ಣ ಹಲ್ಲುಚಕ್ರಕ್ಕ ಇಳಿಯದ ಚೈನು

ಗೆಳೆಯರೇ, ದಪ್ಪ ಟೈರಿನ ನನ್ನ ಹಳೇ ಗೇರ್ ಸೈಕಲ್ಲಿನ ರೋಗ ಇವತ್ತು ಗೊತ್ತಾತು. ಒಂದು ವಾರದಿಂದ ಚೈನು ಹಿಂದಿನ ಗಾಲಿಯ ಎಲ್ಲಕ್ಕಿಂತ ಸಣ್ಣ ಹಲ್ಲುಚಕ್ರಕ್ಕ ಇಳೀತಿದ್ದಿಲ್ಲ. ಅದಕ್ಕ ಇಳಿದ್ರನ ಸೈಕಲ್ ಜೋರ್ ಓಡೋದು. ಶಹಾಬಾದಿನಿಂದ ಹೊಸ ಕೇಬಲ್ ತಂದು ಹಾಕಿದೆ. ಕಲ್ಲಿನ ಧೂಳು ಕೂತಿರಬೇಕು ಅಂತ ಚಿಮಣಿ ಎಣ್ಣಿ ಹಾಕಿ ತೊಳದೆ. ಏನೂ ಫರಕ್ ಆಗಲಿಲ್ಲ.

ಮುಂಜಾನಿ ಅಂಗಳದಾಗ ಸೈಕಲ್ ತಲೆಕೆಳಗ ಮಾಡಿ ನೋಡಿದ್ರ, ಹಿಂದಿನ ಗೇರಿನ ಒಂದು ಸ್ಕ್ರೂ ಪೂರಾ ಬಿಗಿ ಆಗಿತ್ತು. ಅದು ತಾನಾಗೇ ಬಿಗಿ ಆಗೋದಲ್ಲ.

"ಇದನ್ನ ಯಾರು ಮುಟ್ಟ್ಯಾರ?" ಅಂತ ಕೇಳಿದೆ.

"ನಾನೇ ರೀ," ಅಂದಳು ನನ್ನ ಹೆಂಡತಿ, ಮೆಂತ್ಯ ಸೊಪ್ಪು ಬಿಡಿಸ್ಕೋತ. "ಬಿಗಿ ಮಾಡಿದ್ರ ಚೈನು ಇಳಿಯಂಗಿಲ್ಲ ಅಂತ ನೀವೇ ತೋರಿಸಿದ್ರಲ್ಲ."

"ಯಾಕ ಮಾಡ್ದಿ?"

"ಸೈಕಲ್ ಮ್ಯಾಲ ಕೂಡೇ ಹೋಗೂಣು ಅಂತ ದಿನಾ ಕರೀತೀರಿ. ವಾಡಿ ರೋಡ್ ಹತ್ತಿದ ಮ್ಯಾಲ ಹಿಂದ ತಿರುಗಿ ಸೈತ ನೋಡಂಗಿಲ್ಲ. ನನ್ನ ಸೈಕಲ್ಲಿಗೆ ಗೇರ್ ಎಲ್ಲವ? ಈ ವಾರ ನೋಡ್ರಿ, ಮಾತಾಡ್ಕೋತ ಹೊಂಟೀವಿ."

ಮಾತು ಖರೇನೇ. ನಿನ್ನೆ ನಾನು "ನಿನ್ನ ಸ್ಪೀಡ್ ಭಾಳ ಸುಧಾರಿಸ್ಯಾದ" ಅಂತ ಆಕೀನ ಹೊಗಳಿದ್ದೆ. ಆಕಿ ಸುಮ್ನ ನಕ್ಕಿದ್ದಳು.

ನಾನು ಸ್ಕ್ರೂ ಸಡಿಲ್ ಮಾಡಾಕ ಕುಂತೆ. "ಚೊಲೋ ಸಡಿಲ್ ಮಾಡ್ರಿ, ನಾಳೆ ಅದನ್ನ ನಾ ಹೊಡೀತೀನಿ. ನೀವು ನಂದು ತಗೋರಿ," ಅಂದಳು.

ನಾಳೆ ವಾಡಿ ರೋಡಿನಾಗ ಬುಟ್ಟಿ ಕಟ್ಟಿದ ಲೇಡೀಸ್ ಸೈಕಲ್ ತುಳ್ಕೋತ ಏದುಸಿರು ಬಿಡೋ ಮನುಷ್ಯಾ ಕಂಡ್ರ, ಅದು ನಾನೇ. ಮುಂದ ಹೋದಾಕಿಗೆ ಸ್ವಲ್ಪ ನಿಂದ್ರು ಅಂತ ಹೇಳ್ರಿ.