ಉಪಗ್ರಹ ಕಾಯಲು ಹೋದ ಚಿಕ್ಕಜ್ಜ

ನಮ್ಮ ಚಿಕ್ಕಜ್ಜ, ಎಂದರೆ ಅಜ್ಜನ ತಮ್ಮ, ಕ್ಷೌರದ ಅಂಗಡಿ ಇಟ್ಟಿದ್ದರು. ಅಲ್ಲಿ ಕುರ್ಚಿ ಎರಡು, ಕನ್ನಡಿ ಎರಡು, ಬಾಯಿ ಒಂದೇ. ಗಿರಾಕಿಯ ತಲೆಯನ್ನು ಕತ್ತರಿಸುವುದಕ್ಕಿಂತ ಹೆಚ್ಚು ತಿನ್ನುತ್ತಿದ್ದರು. ಮುಳುಗಿದ ಹಡಗು, ಪರದೇಶದ ಯುದ್ಧ, ಸರ್ಕಸ್ಸಿನಿಂದ ತಪ್ಪಿಸಿಕೊಂಡ ಸಿಂಹ, ಎಲ್ಲವನ್ನೂ ಕಣ್ಣಾರೆ ಕಂಡವರಂತೆ ಬಣ್ಣಿಸುತ್ತಿದ್ದರು. ನಿಜಕ್ಕೂ ಕಂಡದ್ದು ಊರಿನವರ ನೆತ್ತಿ ಮಾತ್ರ.

ಸಂಸಾರ ಅಂಗಡಿಯ ಹಿಂದಿನ ಕೋಣೆಯಲ್ಲೇ. ಚಿಕ್ಕಜ್ಜಿ ಅಲ್ಲಿಂದಲೇ ಚುಚ್ಚುತ್ತಿದ್ದರು: "ನೋಡಿದ್ದು ಯಾರೋ, ಹೇಳಿದ್ದು ಯಾರೋ. ಅದರಲ್ಲಿ ನಿಮ್ಮದು ಅಂತ ಏನಿದೆ? ಉಪ್ಪುಖಾರ ತಾನೆ?"

ಮಾತು ನಾಟಿತು. ಸಾಯುವುದರೊಳಗೆ ಒಂದು ಸಂಗತಿಯನ್ನಾದರೂ ತಾವೇ ನೋಡಿ ಹೇಳಬೇಕೆಂಬ ಹಟ ಚಿಕ್ಕಜ್ಜನಿಗೆ ಹಿಡಿಯಿತು.

ಉಪಗ್ರಹಗಳು ಹಾರತೊಡಗಿದ ಕಾಲ ಅದು. ಮೊದಲನೆಯದರ ಸುದ್ದಿಯ ಬಿಸಿ ಆರುವ ಮುಂಚೆಯೇ ಎರಡನೆಯದು ಒಂದು ನಾಯಿಯನ್ನು ಹೊತ್ತು ಮೇಲೇರಿತ್ತು. ಅದು ಯಾವ ಹೊತ್ತಿಗೆ ಎಲ್ಲಿ ಹಾದುಹೋಯಿತೆಂದು ನೋಡಿ ತಿಳಿಸಿದರೆ ವಿಜ್ಞಾನಿಗಳು ಅದರ ದಾರಿಯ ಲೆಕ್ಕ ಹಾಕುತ್ತಿದ್ದರು. ಅದಕ್ಕಾಗಿ ನಮ್ಮೂರಿನ ವಿಜ್ಞಾನದ ಮೇಷ್ಟ್ರು ಶಾಲೆಯ ತಾರಸಿಯ ಮೇಲೆ ಒಂದು ತಂಡ ಕಟ್ಟಿದರು. ಚಿಕ್ಕಜ್ಜ ಹೋಗಿ ನಿಂತರು.

"ನಿಮ್ಮ ಕಣ್ಣಿನ ಬಗ್ಗೆ ಅನುಮಾನ ಇಲ್ಲ," ಎಂದರು ಮೇಷ್ಟ್ರು. "ಬಾಯಿದೇ ಯೋಚನೆ."

"ಅದನ್ನ ಅಂಗಡೀಲೇ ಬಿಟ್ಟು ಬರ್ತೀನಿ ಮೇಷ್ಟ್ರೇ."

ಸಾಲಾಗಿ ಮೇಜುಗಳು, ಒಂದೊಂದರ ಮೇಲೂ ಪುಟ್ಟ ದೂರದರ್ಶಕ, ಅದರ ಮುಂದೆ ಓರೆಯಾಗಿ ಕೂರಿಸಿದ ಕನ್ನಡಿ. ಕತ್ತು ನೋಯದಿರಲೆಂದು ತಲೆ ತಗ್ಗಿಸಿಯೇ ಆಕಾಶ ನೋಡುವ ಏರ್ಪಾಡು. ಆಕಾಶವನ್ನೂ ಅಣ್ಣತಮ್ಮಂದಿರ ಹಾಗೆ ಪಾಲು ಮಾಡಿಕೊಂಡಿದ್ದರು. ಒಬ್ಬೊಬ್ಬರಿಗೆ ಒಂದು ತುಂಡು, ಪಕ್ಕದವರ ತುಂಡಿನ ಅಂಚು ಸ್ವಲ್ಪ ಒತ್ತುವರಿ. ಚುಕ್ಕೆ ಹಾದರೆ 'ಈಗ' ಎನ್ನಬೇಕು; ಮೇಷ್ಟ್ರು ಗಡಿಯಾರ ನೋಡಿ ಗುರುತು ಹಾಕಿಕೊಳ್ಳುತ್ತಾರೆ. ಏನೇ ಆದರೂ ಕಣ್ಣು ಕೀಳುವ ಹಾಗಿಲ್ಲ.

ಹಲವು ಸಂಜೆ ಮೋಡ ಕವಿಯಿತು. ಒಂದು ಸಂಜೆ ಚಿಕ್ಕಜ್ಜ ಬಾವಲಿಗೆ 'ಈಗ' ಅಂದುಬಿಟ್ಟರು. ಕೊನೆಗೆ ಮೇಷ್ಟ್ರು, "ಇವತ್ತು ಬಿಟ್ಟರೆ ಅದು ನಮ್ಮ ಕಣ್ಣಿಗೆ ಬೀಳೋದಿಲ್ಲ," ಎಂದ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಮರುದಿನ ಬೆಳಗ್ಗೆಯೇ ವರ್ಣನೆ ಕೇಳಲು ಬರುತ್ತೇವೆಂದು ಗಿರಾಕಿಗಳು ಹೇಳಿ ಹೋಗಿದ್ದರು. ಚಿಕ್ಕಜ್ಜಿಯೂ ಬಂದು ತಾರಸಿಯ ಮೆಟ್ಟಿಲ ಮೇಲೆ ಕುಳಿತರು.

ಕತ್ತಲಾಗುತ್ತಿದ್ದಂತೆ ಚಿಕ್ಕಜ್ಜಿ ತಡೆಯಲಾರದೆ, "ಅಗೋ, ಬಂತು," ಎಂದರು. ಚಿಕ್ಕಜ್ಜನ ಪಕ್ಕದ ಮೇಜಿನ ಅಂಚೆ ಗುಮಾಸ್ತರು ಬರಿಗಣ್ಣಲ್ಲಿ ನೋಡುವ ಆಸೆಗೆ ತಲೆ ಎತ್ತಿದರು. ಜೀವಮಾನವಿಡೀ ಅಲ್ಲಾಡುವ ತಲೆಗಳನ್ನು ಅದುಮಿ ಕೂರಿಸಿದ ಕೈ ಯಾರ ಅಪ್ಪಣೆಗೂ ಕಾಯಲಿಲ್ಲ. ಚಿಕ್ಕಜ್ಜ ಅತ್ತ ತಿರುಗಿ, ಆ ತಲೆಯನ್ನು ಹಿಡಿದು, ಮೆತ್ತಗೆ ಕೆಳಗೆ ಒತ್ತಿ, "ಅಲ್ಲಾಡಬೇಡಿ ಸಾರ್," ಎಂದರು.

"ಈಗ," ಎಂದರು ಗುಮಾಸ್ತರು.

ಚಿಕ್ಕಜ್ಜ ತಮ್ಮ ತುಂಡಿಗೆ ಕಣ್ಣು ಮರಳಿಸಿದಾಗ ಅಲ್ಲಿ ಹಳೆಯ ನಕ್ಷತ್ರಗಳಷ್ಟೇ ಇದ್ದವು. ನಿಯಮ ಮುರಿದು ಮೇಲೆ ನೋಡುವಷ್ಟರಲ್ಲಿ ಉಪಗ್ರಹ ಭೂಮಿಯ ನೆರಳು ಹೊಕ್ಕು ಆರಿಹೋಗಿತ್ತು. ಕೂದಲೆಳೆಯಷ್ಟರಲ್ಲಿ ತಪ್ಪಿತು.

"ಸಮಯ ಸಿಕ್ಕಿತು," ಎಂದು ಮೇಷ್ಟ್ರು ಕುಣಿಯುವುದೊಂದು ಬಾಕಿ.

"ನಿಮಗೆ ಕಾಣಿಸ್ತಾ?" ದಾರಿಯಲ್ಲಿ ಚಿಕ್ಕಜ್ಜಿ ಕೇಳಿದರು.

"ಗುಮಾಸ್ತರ ಸುಳಿ ಕಾಣಿಸ್ತು."

ಚಿಕ್ಕಜ್ಜಿ ನಗಲಿಲ್ಲ.

ಮರುದಿನ ಅಂಗಡಿ ತುಂಬಿತ್ತು. "ಹೇಳಿ ಯಜಮಾನರೇ, ನಾಯಿ ಬಾಲ ಅಲ್ಲಾಡಿಸ್ತಾ?" ಎಂದ ಬಡಗಿ. ಏನು ಹೇಳಿದ್ದರೂ ನಂಬುತ್ತಿದ್ದರು. ಚಿಕ್ಕಜ್ಜ ಕತ್ತಿ ಮಸೆಯುವುದನ್ನು ನಿಲ್ಲಿಸಿ, ಒಳಗೆ ಮುಖ ಮಾಡಿ ಕರೆದರು: "ಸ್ವಲ್ಪ ಬಾರೇ." ಆಮೇಲೆ ಗಿರಾಕಿಗಳತ್ತ ತಿರುಗಿದರು: " ನಾನು ನೋಡಲಿಲ್ಲ ಕಣ್ರಪ್ಪ. ನೋಡಿದ್ದು ಇವಳು."

ಚಿಕ್ಕಜ್ಜಿ ಕೈ ಒರೆಸಿಕೊಳ್ಳುತ್ತ ಬಂದರು. "ಯಾರೋ ದೀಪ ಹಿಡ್ಕೊಂಡು ರಸ್ತೆ ದಾಟಿದ ಹಾಗಿತ್ತು. ಅವಸರ ಇರಲಿಲ್ಲ, ನಿಲ್ಲಲೂ ಇಲ್ಲ. ಆಮೇಲೆ ಮನೆಯೊಳಗೆ ಹೋಗಿ ಬಾಗಿಲು ಹಾಕ್ಕೊಂಡ ಹಾಗೆ ಮರೆಯಾಯ್ತು."

"ಅಷ್ಟೇನಾ?" ಎಂದ ಬಡಗಿ.

ಚಿಕ್ಕಜ್ಜನ ಬಾಯಿ ತೆರೆಯಿತು. ಚಿಕ್ಕಜ್ಜಿ ನೋಡಿದರು. ಬಾಯಿ ಮುಚ್ಚಿತು.

"ಅಷ್ಟೇ," ಎಂದು ಚಿಕ್ಕಜ್ಜ ಬಟ್ಟೆ ಕೊಡವಿದರು. "ಯಾರು ಮೊದಲು ಕೂರ್ತೀರಿ?"